ಬೆನ್ನಿನ ಡಿಸ್ಕ್: ಕೊಯ್ಯಿಸುವುದೇ, ಕಾಯುವುದೇ?

ನಮ್ಮ ಊರಿನಲ್ಲಿ ಸೊಂಟನೋವಿನ ವಿಷಯ ಬಂದಾಗ ಕೇಳಿಬರುವ ಮಾತುಗಳು ಮೂರು. "ಡಿಸ್ಕ್ ಜಾರಿದೆ" ಎಂಬುದು ಮೊದಲನೆಯದು. "ಆಪರೇಷನ್ ಮಾಡಿಸದಿದ್ದರೆ ಕಾಲು ಹೋಗುತ್ತದೆ" ಎಂಬುದು ಎರಡನೆಯದು. "ಆಪರೇಷನ್ ಮಾಡಿಸಿದರೆ ಕಾಲು ಹೋಗುತ್ತದೆ" ಎಂಬುದು ಮೂರನೆಯದು. ಒಂದೇ ಅರಳಿಕಟ್ಟೆಯ ಮೇಲೆ, ಒಂದೇ ಸಂಜೆ, ಈ ಮೂರು ಮಾತುಗಳನ್ನೂ ನಾನು ಕೇಳಿದ್ದೇನೆ. ಆಡಿದವರೆಲ್ಲರೂ ನಮ್ಮ ಹಿತವನ್ನು ಬಯಸುವವರೇ. ಆದರೆ ಮೊದಲನೆಯ ಮಾತು ಶರೀರಶಾಸ್ತ್ರಕ್ಕೆ ಹೊಂದುವುದಿಲ್ಲ. ಉಳಿದೆರಡೂ ಬಹುಮಟ್ಟಿಗೆ ತಪ್ಪು. ಹಾಗಾದರೆ ಸರಿಯಾದುದು ಯಾವುದು? ಅದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಅರ್ಥಶಾಸ್ತ್ರವನ್ನು ಓದುತ್ತಿರುವ ಬಿ.ಎ. ತರಗತಿಯವನು. ಈ ವಿಷಯಕ್ಕೆ ಕೈಹಾಕಲು ಕಾರಣ ನನ್ನ ಅಣ್ಣ. ಅವನು ನಮ್ಮ ಎ.ಪಿ.ಎಂ.ಸಿ. ಮಂಡಿಯಲ್ಲಿ ಹಮಾಲಿ. ನಾನು ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವುದು ಅವನು ಹೊರುವ ಚೀಲಗಳ ಬಲದಿಂದ ಎಂದರೆ ಅತಿಶಯೋಕ್ತಿಯಾಗಲಾರದು. ಕಳೆದ ವರ್ಷ ದಸರೆ ಮುಗಿದು ಮೆಕ್ಕೆಜೋಳದ ಆವಕ ಶುರುವಾದ ಹೊತ್ತಿಗೆ ಸರಿಯಾಗಿ ಅವನ ಎಡಗಾಲಿನಲ್ಲಿ ನೋವು ಹುಟ್ಟಿತು. ಅಲ್ಲಿಂದ ಮೂರು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ಕಾಲದಲ್ಲಿ ನಾನು ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು, ಇಂಥದೇ ತೀರ್ಮಾನದ ಮುಂದೆ ನಿಂತ ಇನ್ನೊಬ್ಬರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ನಮ್ಮ ಸಹಪಾಠಿಗಳಲ್ಲಿ ಅನೇಕರ ತಂದೆತಾಯಿಗಳು ಬೆನ್ನಿನಿಂದಲೇ ದುಡಿಯುವವರು.

ಮೊದಲು ಡಿಸ್ಕ್ ಎಂದರೇನು ಎಂಬುದನ್ನು ನೋಡೋಣ. ಬೆನ್ನುಮೂಳೆ ಒಂದು ಕೋಲಲ್ಲ. ಕತ್ತಿನಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫, ಹೀಗೆ ಇಪ್ಪತ್ನಾಲ್ಕು ಬಿಡಿ ಮಣಿಗಳನ್ನು ಒಂದರ ಮೇಲೊಂದು ಪೇರಿಸಿದಂತಿದೆ. ಕತ್ತಿನ ಮೊದಲೆರಡು ಮಣಿಗಳ ನಡುವೆ ಬಿಟ್ಟು, ಮಿಕ್ಕ ಕಡೆಗಳಲ್ಲಿ ಮಣಿಮಣಿಯ ನಡುವೆ ಒಂದೊಂದು ಮೆತ್ತೆಯಿದೆ. ಇದೇ ಡಿಸ್ಕ್. ಒಟ್ಟು ೨೩. ಇದರ ಹೊರಭಾಗ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿ ಹೆಣೆದ ಗಟ್ಟಿ ನಾರು; ಒಳಗೆ ಲೋಳೆಸರದ ತಿರುಳನ್ನು ಹೋಲುವ, ನೀರು ಹಿಡಿದಿಟ್ಟುಕೊಂಡ ಮೆತುವಾದ ವಸ್ತು. ಹಗಲೆಲ್ಲ ನಿಂತು ಕುಳಿತು ಭಾರ ಬಿದ್ದಾಗ ಈ ತಿರುಳಿನ ನೀರು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಹೋಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಇದ್ದ ಎತ್ತರಕ್ಕಿಂತ ಸಂಜೆ ಮನುಷ್ಯ ಸುಮಾರು ಒಂದು ಸೆಂಟಿಮೀಟರಿನಷ್ಟು ಕುಳ್ಳಾಗುವುದು ಇದರಿಂದಲೇ. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಆದುದರಿಂದ ಅದು ಸವೆದರೆ ಚರ್ಮದ ಗಾಯದಂತೆ ಬೇಗ ಕೂಡಿಕೊಳ್ಳದು.

ಈ ಮೆತ್ತೆ ಎರಡು ಮಣಿಗಳಿಗೂ ಬಲವಾಗಿ ಅಂಟಿಕೊಂಡಿರುವುದರಿಂದ ಅದು ಜಾರುವುದೆಂಬುದಿಲ್ಲ. ಆಗುವುದೇನೆಂದರೆ, ಹೊರಗಿನ ನಾರಿನಲ್ಲಿ ಬಿರುಕು ಬಿಟ್ಟು ಒಳಗಿನ ತಿರುಳು ಉಬ್ಬುತ್ತದೆ, ಅಥವಾ ಬಿರುಕಿನಿಂದ ಹೊರಕ್ಕೆ ನುಗ್ಗುತ್ತದೆ. ಹಾಗೆ ನುಗ್ಗಿದ ಕಡೆ ಕಾಲಿಗೆ ಹೋಗುವ ನರದ ಬುಡವಿದ್ದರೆ ತೊಂದರೆ. ನರವನ್ನು ಅದುಮುವುದು ಮಾತ್ರವಲ್ಲ, ಆ ತಿರುಳಿನ ರಾಸಾಯನಿಕಗಳು ನರವನ್ನು ಕೆರಳಿಸುತ್ತವೆ. ಪೆಟ್ಟು ಸೊಂಟದಲ್ಲಿ, ಉರಿ ಕಾಲಿನಲ್ಲಿ. ಸೊಂಟದ ಕೆಳಗಿನ ಎರಡು ಡಿಸ್ಕುಗಳಲ್ಲಿಯೇ ಇದು ಹೆಚ್ಚು. ಅತ್ಯಂತ ಕೆಳಗಿನದು ಕೆಟ್ಟರೆ ನೋವು ತೊಡೆಯ ಹಿಂಭಾಗ, ಮೀನಖಂಡಗಳಲ್ಲಿ ಇಳಿದು ಪಾದದ ಹೊರಅಂಚಿಗೆ, ಕಿರುಬೆರಳಿಗೆ ಬರುತ್ತದೆ. ಅದರ ಮೇಲಿನದು ಕೆಟ್ಟರೆ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ. ನನ್ನ ಅಣ್ಣನದು ಕಿರುಬೆರಳಿನ ದಾರಿ.

ಕಾಲಿನ ಈ ನೋವನ್ನು ನಮ್ಮ ಪೂರ್ವಿಕರು ಅರಿಯದವರೇನಲ್ಲ. ಚರಕಸಂಹಿತೆಯಲ್ಲಿ ಇದಕ್ಕೆ 'ಗೃಧ್ರಸೀ' ಎಂದು ಹೆಸರು, ಗೃಧ್ರವೆಂದರೆ ರಣಹದ್ದು. ಈ ರೋಗಿಯ ನಡಿಗೆ ಹದ್ದಿನಂತೆ ಎಂದು ಅದಕ್ಕೆ ಅರ್ಥ ಹೇಳುವುದುಂಟು. ಅಣ್ಣ ಒಂದು ಪಕ್ಕಕ್ಕೆ ವಾಲಿಕೊಂಡು ಹಿತ್ತಲಿಗೆ ಹೋಗುತ್ತಿದ್ದುದನ್ನು ಕಂಡವರು ಆ ಹೆಸರನ್ನು ಸುಲಭವಾಗಿ ಒಪ್ಪುತ್ತಾರೆ. ಯೂರೋಪಿನಲ್ಲಿ ಇದು ನರದ ನೋವೆಂದು ವಿವರವಾಗಿ ಬರೆದವನು ಇಟಲಿಯ ದೊಮೆನಿಕೊ ಕೊತುನ್ಯೊ, ೧೭೬೪ರಲ್ಲಿ. ಆದರೆ ನರವನ್ನು ಕೆಣಕುತ್ತಿರುವುದು ಯಾವುದು ಎಂಬುದು ಸ್ಪಷ್ಟವಾಗಲು ಇನ್ನೂ ೧೭೦ ವರ್ಷಗಳು ಬೇಕಾದುವು. ೧೯೩೪ರಲ್ಲಿ ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಿಕ್ಸ್ಟರ್, ಜೋಸೆಫ್ ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಇದಕ್ಕೆ ಹೊರಬಿದ್ದ ಡಿಸ್ಕ್ ಕಾರಣವೆಂದೂ ಅದನ್ನು ತೆಗೆದರೆ ಕಾಲುನೋವು ಹೋಗುವುದೆಂದೂ ಪ್ರಕಟಿಸಿದರು. ಅಲ್ಲಿಂದ ಈ ಶಸ್ತ್ರಕ್ರಿಯೆ ಲೋಕದಲ್ಲೆಲ್ಲ ಹರಡಿತು. ೧೯೭೦ರ ದಶಕದಲ್ಲಿ ಸೂಕ್ಷ್ಮದರ್ಶಕದ ಸಹಾಯದಿಂದ ಸಣ್ಣ ಗಾಯದಲ್ಲೇ ಮಾಡುವ ವಿಧಾನ ಬಂದಿತು. ಈ ನಡುವೆ ಪಪ್ಪಾಯಿಯೂ ಇಲ್ಲಿ ಕಾಣಿಸಿಕೊಂಡದ್ದು ಒಂದು ಸ್ವಾರಸ್ಯ. ಪರಂಗಿಕಾಯಿಯ ಹಾಲಿನಿಂದ ತೆಗೆದ ಒಂದು ಕಿಣ್ವವನ್ನು ಡಿಸ್ಕಿಗೆ ಚುಚ್ಚಿ ತಿರುಳನ್ನು ಕರಗಿಸುವ ಪ್ರಯೋಗವನ್ನು ಲೈಮನ್ ಸ್ಮಿತ್ ಎಂಬ ಅಮೆರಿಕದ ವೈದ್ಯರು ೧೯೬೪ರಲ್ಲಿ ಪ್ರಕಟಿಸಿದರು. ಕೆಲವರಿಗೆ ಅದು ಮೈಗೆ ಒಗ್ಗದೆ ಪ್ರಾಣಾಪಾಯವಾದುದರಿಂದ ಕಾಲಕ್ರಮದಲ್ಲಿ ಅದು ಮೂಲೆಗೆ ಬಿದ್ದಿತು.

ಇನ್ನು ಸ್ಕ್ಯಾನಿಂಗಿನ ಮಾತು. ಎಂ.ಆರ್.ಐ. ಚಿತ್ರದಲ್ಲಿ ಡಿಸ್ಕ್ ಉಬ್ಬಿದುದು ಕಂಡಿತೆಂದರೆ ಸಾಕು, ರೋಗಿಯ ಮನೆಯವರ ಮುಖ ಬಾಡುತ್ತದೆ. ನಮ್ಮ ತಾಯಿಯಂತೂ ಆ ಫಿಲ್ಮಿನ ಲಕೋಟೆಯನ್ನು ದೇವರ ಗೂಡಿನ ಕೆಳಗಿಟ್ಟಿದ್ದರು. ಆದರೆ ೧೯೯೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ವಾಚಕರು ಗಮನಿಸಬೇಕು. ಬೆನ್ನುನೋವೇ ಇಲ್ಲದ ೯೮ ಮಂದಿಯನ್ನು ಹೀಗೆ ಚಿತ್ರ ತೆಗೆದು ನೋಡಿದರು. ಅವರಲ್ಲಿ ೧೦೦ಕ್ಕೆ ೫೨ರಷ್ಟು ಜನರಿಗೆ ಯಾವುದಾದರೊಂದು ಡಿಸ್ಕ್ ಉಬ್ಬಿತ್ತು; ೨೭ರಷ್ಟು ಜನರಿಗೆ ಒಂದು ಕಡೆ ಮುಂಚಾಚಿತ್ತು. ಯಾವ ನೋವೂ ಇಲ್ಲದೆ ಓಡಾಡಿಕೊಂಡಿದ್ದವರು ಅವರು! ತಲೆ ನೆರೆಯುವಂತೆ ಡಿಸ್ಕೂ ವಯಸ್ಸಿನೊಡನೆ ಸವೆಯುತ್ತದೆ. ಆದುದರಿಂದ ಚಿತ್ರವೊಂದನ್ನೇ ಹಿಡಿದು ಶಸ್ತ್ರಕ್ರಿಯೆಗೆ ಹೊರಡುವುದು ಸಲ್ಲದು. ನೋವಿನ ದಾರಿ, ಕಾಲಿನ ಪರೀಕ್ಷೆ, ಚಿತ್ರದಲ್ಲಿ ಕಂಡ ಜಾಗ, ಈ ಮೂರೂ ಒಂದೇ ನರವನ್ನು ತೋರಿಸಿದರೆ ಮಾತ್ರ ಆ ಡಿಸ್ಕ್ ಅಪರಾಧಿ.

ಕಾಲಿನ ಪರೀಕ್ಷೆಯೆಂದರೆ ಬಹಳ ಸರಳ. ಮಲಗಿಸಿ, ಮಂಡಿ ಮಡಿಸದಂತೆ ಕಾಲನ್ನು ಮೇಲಕ್ಕೆತ್ತುತ್ತಾರೆ. ನರ ಸಿಕ್ಕಿಹಾಕಿಕೊಂಡಿದ್ದರೆ ಸ್ವಲ್ಪ ಎತ್ತುವಷ್ಟರಲ್ಲೇ ಮಿಂಚು ಹೊಡೆದಂತೆ ಕಾಲಿಗೆ ನೋವಿಳಿಯುತ್ತದೆ. ಬಳಿಕ ಹಿಮ್ಮಡಿಯ ಮೇಲೆ ನಡೆಸುತ್ತಾರೆ, ತುದಿಗಾಲಿನ ಮೇಲೆ ನಿಲ್ಲಿಸುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ವೈದ್ಯರು ಲಕೋಟೆಯನ್ನು ಬಿಚ್ಚುವ ಮೊದಲು ಹತ್ತು ನಿಮಿಷ ಅಣ್ಣನ ಕಾಲನ್ನೇ ಪರೀಕ್ಷಿಸಿದರು. ಅವನು ಎಡಗಾಲಿನ ತುದಿಯ ಮೇಲೆ ನಿಂತ. ಪಾದದ ಅಂಚಿನಲ್ಲಿ ಸ್ಪರ್ಶ ಮಂದವಾಗಿತ್ತು. ಬಲ ಮಾತ್ರ ಹೋಗಿರಲಿಲ್ಲ. "ಬಲ ಇದೆ. ಆದ್ದರಿಂದ ಯೋಚನೆ ಮಾಡೋದಕ್ಕೆ ನಮಗೆ ಕಾಲಾವಕಾಶ ಇದೆ" ಎಂದರು. ಇಷ್ಟಕ್ಕೂ ಮೊದಲು ಬೇರೊಂದು ಕಡೆ ತೋರಿಸಿದ್ದಾಗ, ಕಾಲನ್ನು ಮುಟ್ಟದೆಯೇ, ನಾಳೆಯೇ ಅಡ್ಮಿಟ್ ಆಗಿರೆಂದು ಹೇಳಿದ್ದರು.

ಕಾಲಾವಕಾಶ ಏತಕ್ಕೆ? ಇಲ್ಲಿಯೇ ಈ ರೋಗದ ಬಹುಮುಖ್ಯವಾದ ಗುಟ್ಟಿದೆ. ಹೊರಗೆ ಬಿದ್ದ ತಿರುಳನ್ನು ದೇಹವು ಪರಕೀಯ ವಸ್ತುವೆಂದು ಭಾವಿಸುತ್ತದೆ. ರಕ್ತದಿಂದ ಬಂದ ಭಕ್ಷಕ ಕಣಗಳು ಅದನ್ನು ದಿನದಿನಕ್ಕೆ ತಿಂದು ಕರಗಿಸುತ್ತವೆ. ವಿಚಿತ್ರವೆಂದರೆ, ಬರಿದೇ ಉಬ್ಬಿದ ಡಿಸ್ಕಿಗಿಂತ ಪೂರ್ತಿ ಹೊರಗೆ ಬಿದ್ದ ತುಂಡೇ ಹೀಗೆ ಕರಗುವ ಸಂಭವ ಹೆಚ್ಚು. ಚಿತ್ರದಲ್ಲಿ ಭಯಂಕರವಾಗಿ ಕಂಡದ್ದು ಕೆಲವೊಮ್ಮೆ ಒಳ್ಳೆಯ ಸೂಚನೆಯೇ ಆಗಿರುತ್ತದೆ! ಅಂತೂ, ಬಹುಪಾಲು ರೋಗಿಗಳಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಕಾಲುನೋವು ತಾನಾಗಿ ಇಳಿಮುಖವಾಗುತ್ತದೆ. ಕಾಯುವುದೆಂದರೆ ಹಾಸಿಗೆಗೆ ಅಂಟಿಕೊಳ್ಳುವುದೆಂದು ಮಾತ್ರ ತಿಳಿಯಬಾರದು. ೧೯೯೯ರಲ್ಲಿ ಹಾಲೆಂಡಿನ ವೈದ್ಯರು ೧೮೩ ರೋಗಿಗಳಲ್ಲಿ ಕೆಲವರನ್ನು ಎರಡು ವಾರ ಮಲಗಿಸಿ, ಕೆಲವರನ್ನು ತಮ್ಮಷ್ಟಕ್ಕೆ ಓಡಾಡಲು ಬಿಟ್ಟು ನೋಡಿದರು. ಹನ್ನೆರಡು ವಾರಗಳ ಮೇಲೆ ಎರಡು ಗುಂಪಿನಲ್ಲೂ ೧೦೦ಕ್ಕೆ ೮೭ ಮಂದಿ ಸುಧಾರಿಸಿದ್ದರು. ಮಲಗಿದ್ದರಿಂದ ಯಾವ ಹೆಚ್ಚಿನ ಲಾಭವೂ ಇರಲಿಲ್ಲ. ಉಳುಕು ತೆಗೆಯುವವರ ಬಳಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಎಣ್ಣೆ ಸವರಿ ಮೃದುವಾಗಿ ತಿಕ್ಕಿದರೆ ಸುಖವೆನಿಸಬಹುದು. ಆದರೆ ಕಾಲಿನಲ್ಲಿ ಜೋಮು, ನಿಶ್ಶಕ್ತಿಗಳಿರುವವರ ಸೊಂಟವನ್ನು ಜಗ್ಗಿ ತಿರುವುವುದು ಅಪಾಯದ ಕೆಲಸ.

ಹಾಗಾದರೆ ಶಸ್ತ್ರಕ್ರಿಯೆಯಿಂದ ದೊರೆಯುವುದೇನು? ಇದಕ್ಕೆ ಊಹೆಯ ಉತ್ತರ ಬೇಕಾಗಿಲ್ಲ. ನಾರ್ವೆಯ ಹೆನ್ರಿಕ್ ವೇಬರ್ ಎಂಬ ವೈದ್ಯರು, ಯಾವ ದಾರಿ ಲೇಸೆಂದು ಹೇಳಲಾಗದ ೧೨೬ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಶಸ್ತ್ರಕ್ರಿಯೆ ನಡೆಸಿ, ಇನ್ನೊಂದಕ್ಕೆ ನಡೆಸದೆ, ಹತ್ತು ವರ್ಷ ಅವರ ಬೆನ್ನುಹತ್ತಿ ನೋಡಿ ೧೯೮೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ವರ್ಷದ ಕೊನೆಗೆ ಕೊಯ್ಯಿಸಿಕೊಂಡವರು ಸ್ಪಷ್ಟವಾಗಿ ಮೇಲಾಗಿದ್ದರು. ನಾಲ್ಕನೆಯ ವರ್ಷಕ್ಕೆ ಆ ಅಂತರ ಎಣಿಕೆಗೆ ಸಿಗದಷ್ಟು ಸಣ್ಣದಾಗಿತ್ತು. ಹತ್ತನೆಯ ವರ್ಷದಲ್ಲೂ ಹಾಗೆಯೇ.

ಮುಂದೆ ೨೦೦೭ರಲ್ಲಿ ಹಾಲೆಂಡಿನಿಂದ ಇನ್ನೊಂದು ವರದಿ ಬಂದಿತು. ಆರರಿಂದ ಹನ್ನೆರಡು ವಾರ ತೀವ್ರವಾಗಿ ನರಳಿದ್ದ ೨೮೩ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬೇಗ ಶಸ್ತ್ರಕ್ರಿಯೆಯೆಂದು ಗೊತ್ತುಮಾಡಿದರು. ಮಿಕ್ಕವರಿಗೆ "ಕಾಯಿರಿ, ಆಗದಿದ್ದರೆ ಬನ್ನಿ" ಎಂದರು. ಕಾದವರಲ್ಲಿ ೧೦೦ಕ್ಕೆ ೩೯ ಮಂದಿ ಆ ವರ್ಷದೊಳಗೆ ಶಸ್ತ್ರಕ್ರಿಯೆಗೆ ಒಳಗಾದರು. ೬೧ ಮಂದಿಗೆ ಅದು ಬೇಕಾಗಲಿಲ್ಲ. ಬೇಗ ಕೊಯ್ಯಿಸಿಕೊಂಡ ಗುಂಪಿನ ನಡುವಣ ರೋಗಿ ಸುಮಾರು ನಾಲ್ಕು ವಾರಗಳಲ್ಲಿ ಗುಣವಾದರೆ, ಕಾದ ಗುಂಪಿನ ನಡುವಣ ರೋಗಿಗೆ ಹನ್ನೆರಡು ವಾರ ಹಿಡಿಯಿತು. ವರ್ಷ ತುಂಬಿದಾಗ ಎರಡು ಗುಂಪಿನಲ್ಲೂ ೧೦೦ಕ್ಕೆ ೯೫ ಮಂದಿ ಗುಣವಾಗಿದ್ದೇವೆಂದರು.

ಈ ಅಂಕಿಗಳನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು. ಅಪಾಯದ ಚಿಹ್ನೆಗಳಿಲ್ಲದ ರೋಗಿಗೆ ಶಸ್ತ್ರಕ್ರಿಯೆಯೆಂಬುದು ಕಾಲನ್ನು ಉಳಿಸುವ ಅಥವಾ ಕಳೆಯುವ ಜೂಜಲ್ಲ. ಅದು ಕಾಲವನ್ನು ಕೊಳ್ಳುವ ವ್ಯಾಪಾರ. ಎಂಟು ವಾರಗಳ ನೋವನ್ನು ಅದು ಮಿಗಿಸಿಕೊಡುತ್ತದೆ. ಆ ಎಂಟು ವಾರಗಳಿಗೆ ಬೆಲೆ ಎಷ್ಟು ಎಂಬುದು ರೋಗಿ ಯಾರು, ಏನು ಕೆಲಸ ಮಾಡುತ್ತಾನೆ ಎಂಬುದನ್ನು ಅವಲಂಬಿಸಿದೆ. ಇದು ಡಾಕ್ಟರು ಹೇಳಬೇಕಾದ ಲೆಕ್ಕವಲ್ಲ, ಮನೆಯವರು ಕೂತು ಹಾಕಬೇಕಾದ ಲೆಕ್ಕ.

ನಮ್ಮ ಓಣಿಯಲ್ಲಿ ಒಬ್ಬ ಟೈಲರ್ ಇದ್ದಾರೆ. ಅಣ್ಣನಿಗಿಂತ ಎರಡು ವರ್ಷ ಮೊದಲು ಅವರಿಗೂ ಇದೇ ಆಗಿತ್ತು. ಕುಳಿತರೆ ನೋವು ಹೆಚ್ಚುತ್ತಿದ್ದುದರಿಂದ ಅವರು ನಿಂತುಕೊಂಡು ಬಟ್ಟೆ ಕತ್ತರಿಸುವ ಕೆಲಸವನ್ನಷ್ಟೇ ಇಟ್ಟುಕೊಂಡು ಹೊಲಿಗೆ ಯಂತ್ರವನ್ನು ಮಗನಿಗೆ ಬಿಟ್ಟರು. ಅಂಗಡಿ ಒಂದು ದಿನವೂ ಮುಚ್ಚಲಿಲ್ಲ. ಮೂರು ತಿಂಗಳಿಗೆ ಕಾಲುನೋವು ಹೋಯಿತು. ಅವರಿಗೆ ಕಾಯುವುದು ಅಗ್ಗವಾಗಿತ್ತು. ಮಂಡಿಯ ಹಮಾಲಿಗೆ ಹಾಗಲ್ಲ. ಅವನ ಕೂಲಿ ಚೀಲದ ಲೆಕ್ಕ. ಹೊರದ ದಿನ ಅವನಿಗೆ ಇಲ್ಲವೇ ಇಲ್ಲ. ಆದುದರಿಂದ ಬೇಗ ಕೊಯ್ಯಿಸಿ ಬೇಗ ಕೆಲಸಕ್ಕೆ ಹೋಗುವುದೇ ಹಮಾಲಿಗೆ ಲಾಭವೆಂದು ನಾನು ಮೊದಲು ಕಾಗದದ ಮೇಲೆ ಕೂಡಿಸಿ ಕಳೆದಿದ್ದೆ. ಚಿಕಿತ್ಸೆಯ ವೆಚ್ಚಕ್ಕೆ ಬಿ.ಪಿ.ಎಲ್. ಕಾರ್ಡು ಒದಗುತ್ತಿತ್ತು, ಕಳೆದುಹೋದ ಕೂಲಿಗೆ ಯಾವ ಕಾರ್ಡೂ ಇಲ್ಲ.

ಆದರೆ ಅಣ್ಣ ವೈದ್ಯರಲ್ಲಿ ಕೇಳಿದ ಒಂದೇ ಪ್ರಶ್ನೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು.

"ಆಪರೇಷನ್ ಆದ್ಮೇಲೆ ಚೀಲ ಹೊರಬಹುದಾ ಸಾರ್?"

"ನೋಡಪ್ಪಾ, ಆಪರೇಷನ್ ಆದ್ರೆ ಕಾಲುನೋವು ಬೇಗ ಹೋಗುತ್ತೆ ಅಂತ ಧೈರ್ಯವಾಗಿ ಹೇಳಬಲ್ಲೆ. ಚೀಲದ ಮಾತು ಬೇರೆ. ಮೂರು ತಿಂಗಳು ಭಾರ ಎತ್ತೋ ಹಾಗೇ ಇಲ್ಲ. ಆಮೇಲೂ ಐವತ್ತು ಕೆಜಿ ಬೆನ್ನ ಮೇಲೆ ಹಾಕ್ಕೋ ಅಂತ ನಾನು ಹೇಳಲಾರೆ. ಆಪರೇಷನ್ ಮಾಡಿಸದೆ ವಾಸಿ ಆದ್ರೂ ಅದನ್ನೇ ಹೇಳ್ತೀನಿ."

ಮಂಡಿಯ ಕೂಲಿ ಎರಡು ದಾರಿಯಲ್ಲೂ ಹೋಯಿತೆಂದಾಯಿತು. ಮೇಜಿನ ಮುಂದೆ ಕುಳಿತು ದುಡಿಯುವ ಗುಮಾಸ್ತನಿಗೆ ಬೇಗನೆಯ ಶಸ್ತ್ರಕ್ರಿಯೆ ಎಂಟು ವಾರಗಳ ದುಡಿಮೆಯನ್ನು ಉಳಿಸಿಕೊಡಬಹುದು. ಬೆನ್ನನ್ನೇ ಬಂಡವಾಳ ಮಾಡಿಕೊಂಡವನಿಗೆ ಅದು ಉಳಿಸಿಕೊಡುವುದು ನಿದ್ದೆಯನ್ನು ಮಾತ್ರ. ನಿದ್ದೆಯೇನು ಕಡಮೆ ವಸ್ತುವಲ್ಲ. ರಾತ್ರಿ ಎರಡು ಗಂಟೆಗೆ ಗೋಡೆ ಹಿಡಿದು ನಿಂತಿರುತ್ತಿದ್ದ ಅಣ್ಣನನ್ನು ನೋಡಿದ ನನಗೆ ಅದರ ಬೆಲೆ ಗೊತ್ತು. ಆದರೂ ಅದು ಬೇರೆ ಲೆಕ್ಕ. ಅದನ್ನು ಹಾಕಬೇಕಾದವನು ನೋವುಣ್ಣುವವನೇ ಹೊರತು ನಾನಲ್ಲ.

ಇಲ್ಲಿಯೇ ಹೇಳಿಬಿಡಬೇಕಾದ ಮತ್ತೊಂದು ಸಂಗತಿ: ಈ ಶಸ್ತ್ರಕ್ರಿಯೆ ಕಾಲುನೋವಿಗೆ, ಸೊಂಟನೋವಿಗಲ್ಲ. ನರದ ಮೇಲೆ ಬಿದ್ದ ತುಂಡನ್ನು ತೆಗೆಯುತ್ತಾರೆಯೇ ವಿನಾ ಸವೆದ ಡಿಸ್ಕನ್ನು ಹೊಸದು ಮಾಡುವುದಿಲ್ಲ. ಬರೀ ಸೊಂಟನೋವೇ ಇದ್ದು ಕಾಲಿಗೆ ಇಳಿಯದಿದ್ದವರು ಇದರಿಂದ ಸುಖವನ್ನು ನಿರೀಕ್ಷಿಸಿ ನಿರಾಶರಾಗುವುದುಂಟು.

ಇನ್ನು ಭಯದ ಮಾತು. "ಬ್ಯಾಡಪ್ಪಾ, ಬೆನ್ನಿಗೆ ಚಾಕು ಹಾಕ್ಸಿದೋರು ನೆಟ್ಟಗೆ ನಿಂತಿದ್ದು ನಾ ಕಂಡಿಲ್ಲ" ಎಂದು ನಮ್ಮ ತಾಯಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ಹುರಿಯಿಲ್ಲ, ಬಿಡಿಬಿಡಿಯಾದ ನರಗಳ ಗೊಂಚಲಿದೆ. ಕೊಯ್ಯುವುದು ಇನ್ನೂ ಕೆಳಗೆ. ಆದುದರಿಂದ ಹುರಿಗೆ ಚಾಕು ತಾಗಿ ಎರಡು ಕಾಲೂ ಬಿದ್ದುಹೋಗುವುದೆಂಬ ಭಯಕ್ಕೆ ಆ ಜಾಗದಲ್ಲಿ ಆಧಾರ ಕಡಮೆ. ಒಂದು ನರಕ್ಕೆ ಪೆಟ್ಟಾಗುವುದು ಉಂಟು, ಅದು ಅಪರೂಪ. ನರಗಳ ಹೊರಪೊರೆ ಹರಿಯುವುದು ೧೦೦ಕ್ಕೆ ಮೂರು ನಾಲ್ಕು ಮಂದಿಗೆ. ಅದನ್ನು ಅಲ್ಲಿಯೇ ಹೊಲಿದು ಸರಿಪಡಿಸುತ್ತಾರೆ. ಗಾಯಕ್ಕೆ ಕೀವಾಗುವುದು ಅದಕ್ಕಿಂತ ಕಡಮೆ. ಅದೇ ಡಿಸ್ಕಿನಿಂದ ಮತ್ತೆ ತುಂಡು ಹೊರಬೀಳುವುದು ೧೦೦ಕ್ಕೆ ಐದರಿಂದ ಹತ್ತು ಮಂದಿಗಾದರೂ ಉಂಟು. ಜನ ಹೆದರುವ ಅಪಾಯ ಒಂದು, ನಿಜವಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಕೊನೆಯದು.

ಭಯಕ್ಕೆ ಇನ್ನೊಂದು ಕಾರಣ, ಬೆನ್ನಿನ ಎಲ್ಲ ಶಸ್ತ್ರಕ್ರಿಯೆಗಳನ್ನೂ ಒಂದೇ ಎಂದು ತಿಳಿಯುವುದು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ಉದಾಹರಣೆ ಪ್ರಸಿದ್ಧವಾದುದು. ೧೯೪೪ರಲ್ಲಿ ಅವರಿಗೆ ಡಿಸ್ಕಿನ ಶಸ್ತ್ರಕ್ರಿಯೆಯಾಯಿತು, ನೋವು ಹೋಗಲಿಲ್ಲ. ೧೯೫೪ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಲೋಹದ ತಗಡನ್ನು ಕೂಡಿಸಿ ಮೂಳೆಗಳನ್ನು ಬೆಸೆಯುವ ಶಸ್ತ್ರಕ್ರಿಯೆಯಾಯಿತು. ಅವರಿಗೆ ಅಡಿಸನ್ ಎಂಬ ಗ್ರಂಥಿಯ ಕಾಯಿಲೆ ಬೇರೆ ಇತ್ತು. ಸೋಂಕು ತಗುಲಿ, ಪ್ರಜ್ಞೆ ತಪ್ಪಿ, ಕೊನೆಗಾಲದ ಮತವಿಧಿಗಳನ್ನೂ ನಡೆಸಿದ್ದರು. ೧೯೫೫ರ ಫೆಬ್ರವರಿಯಲ್ಲಿ ಆ ತಗಡನ್ನು ಮತ್ತೆ ಕೊಯ್ದು ತೆಗೆಯಬೇಕಾಯಿತು. ಮುಂದೆ ಶ್ವೇತಭವನದಲ್ಲಿದ್ದಾಗ ಅವರಿಗೆ ತಕ್ಕಮಟ್ಟಿನ ನೆಮ್ಮದಿ ಕೊಟ್ಟದ್ದು ೧೯೬೧ರಲ್ಲಿ ಹಾನ್ಸ್ ಕ್ರಾಸ್ ಎಂಬ ವೈದ್ಯರು ಹೇಳಿಕೊಟ್ಟ ಅಂಗಸಾಧನೆ. ಈ ಕತೆಯನ್ನು ಹಿಡಿದು ಡಿಸ್ಕಿನ ಶಸ್ತ್ರಕ್ರಿಯೆಯೇ ಕೆಟ್ಟದ್ದೆನ್ನುವುದು ಸರಿಯಲ್ಲ. ಪ್ರಾಣಕ್ಕೆ ಬಂದದ್ದು ತಗಡು ಹಾಕಿ ಬೆಸೆದ ದೊಡ್ಡ ಶಸ್ತ್ರಕ್ರಿಯೆ, ಅದೂ ಗ್ರಂಥಿಯ ಕಾಯಿಲೆಯಿದ್ದ ದೇಹದಲ್ಲಿ. ಕಾಲಿಗೆ ಇಳಿದ ನೋವಿಗೆ ತುಂಡನ್ನಷ್ಟೇ ತೆಗೆಯುವುದು ಅದಕ್ಕಿಂತ ಬಹಳ ಚಿಕ್ಕದು. ಆದುದರಿಂದ ವೈದ್ಯರು ಆಪರೇಷನ್ ಎಂದಾಗ "ತುಂಡು ತೆಗೆಯುವುದೋ, ರಾಡು ಸ್ಕ್ರೂ ಹಾಕುವುದೋ?" ಎಂದು ಮೊದಲು ಕೇಳಿ ತಿಳಿಯಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಅವುಗಳಲ್ಲಿ ಲೆಕ್ಕಾಚಾರಕ್ಕೆ ಎಡೆಯೇ ಇಲ್ಲ. ಮೇಲೆ ಹೇಳಿದ ನರಗಳ ಗೊಂಚಲಿಗೆ ವೈದ್ಯರು ಲ್ಯಾಟಿನ್ನಿನಲ್ಲಿ 'ಕುದುರೆಯ ಬಾಲ' ಎಂದು ಹೆಸರಿಟ್ಟಿದ್ದಾರೆ. ದೊಡ್ಡ ತುಂಡೊಂದು ಬಿದ್ದು ಇಡೀ ಗೊಂಚಲನ್ನೇ ಅದುಮಿದರೆ ಮೂತ್ರ ಕಟ್ಟುತ್ತದೆ, ಅಥವಾ ಅರಿವಿಲ್ಲದೆ ಹೋಗುತ್ತದೆ. ಮಲದ ಹಿಡಿತ ತಪ್ಪುತ್ತದೆ. ಕುದುರೆಯ ಮೇಲೆ ಕುಳಿತಾಗ ಜೀನಿಗೆ ತಾಗುವ ಭಾಗವೆಲ್ಲ ಜೋಮು ಹಿಡಿಯುತ್ತದೆ. ಕೆಲವೊಮ್ಮೆ ಎರಡು ಕಾಲುಗಳಿಗೂ ನೋವು, ನಿಶ್ಶಕ್ತಿ ಬರುತ್ತದೆ. ಇದು ಅಪರೂಪ. ಆದರೆ ಇವುಗಳಲ್ಲಿ ಯಾವುದೊಂದು ಕಂಡರೂ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಳೆ ಅಮಾವಾಸ್ಯೆ, ನಾಡಿದ್ದು ನೋಡೋಣ ಎನ್ನಬಾರದು. ಒಂದೆರಡು ದಿನ ತಡವಾದರೆ ಮೂತ್ರದ ಹಿಡಿತ ಜೀವಮಾನವೆಲ್ಲ ಮರಳದಿರಬಹುದು. ಪಾದ ಜೋತುಬಿದ್ದು ಚಪ್ಪಲಿ ಕಳಚಿಹೋಗುವಷ್ಟು ಬಲ ಕುಗ್ಗಿದರೆ, ಅಥವಾ ದಿನದಿನಕ್ಕೆ ಬಲ ಇಳಿಯುತ್ತಿದ್ದರೆ, ಅದನ್ನೂ ತಡಮಾಡದೆ ತೋರಿಸಬೇಕು. ಈ ವಿಷಯಗಳನ್ನು ಮನೆಯ ಹೆಂಗಸರು ಸಂಕೋಚದಿಂದ ಹೇಳದೆ ಇರುವುದುಂಟು. ಮಕ್ಕಳಾದ ನಾವು ಕೇಳಿ ತಿಳಿಯಬೇಕು.

ಮತ್ತೆ, ಕಾಯುವುದಕ್ಕೂ ಒಂದು ಎಲ್ಲೆಯುಂಟು. ಕೆನಡ ದೇಶದಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳು ಕಾಲುನೋವುಂಡ ೧೨೮ ಮಂದಿಯನ್ನು ಹೀಗೆಯೇ ಎರಡು ಪಾಲು ಮಾಡಿ ನೋಡಿದ ವರದಿ ೨೦೨೦ರಲ್ಲಿ ಪ್ರಕಟವಾಯಿತು. ಹತ್ತು ಅಂಕದ ಅಳತೆಯಲ್ಲಿ ಎರಡು ಗುಂಪಿನ ನೋವೂ ಮೊದಲಲ್ಲಿ ಎಂಟರ ಆಸುಪಾಸಿನಲ್ಲಿತ್ತು. ಆರು ತಿಂಗಳ ಮೇಲೆ ಶಸ್ತ್ರಕ್ರಿಯೆಯ ಗುಂಪಿನದು ೨.೮ಕ್ಕೆ ಇಳಿದರೆ, ಮತ್ತೊಂದರದು ೫.೨ರಲ್ಲಿ ನಿಂತಿತ್ತು. ಎಂದರೆ, ಮೊದಲ ಮೂರು ತಿಂಗಳಲ್ಲಿ ದೇಹ ತನ್ನ ಕೆಲಸವನ್ನು ಮಾಡಿಕೊಳ್ಳದಿದ್ದರೆ, ಆಮೇಲೆ ಅದು ಮಾಡೀತೆಂಬ ಭರವಸೆ ಕ್ಷೀಣವಾಗುತ್ತ ಬರುತ್ತದೆ. ಗಡುವಿಲ್ಲದ ಕಾಯುವಿಕೆ ತೀರ್ಮಾನವಲ್ಲ, ತೀರ್ಮಾನವನ್ನು ತಪ್ಪಿಸಿಕೊಳ್ಳುವ ಉಪಾಯ.

ನಮ್ಮ ಮನೆಯಲ್ಲಿ ಸಂಕ್ರಾಂತಿಯನ್ನು ಗಡುವೆಂದು ಇಟ್ಟುಕೊಂಡೆವು. ನೋವು ಶುರುವಾಗಿ ಅಲ್ಲಿಗೆ ಹದಿಮೂರು ವಾರವಾಗುತ್ತಿತ್ತು. ಅಷ್ಟರೊಳಗೆ ಅಣ್ಣ ದಿನಕ್ಕೆರಡು ಸಲ ಕೆರೆ ಏರಿಯ ಮೇಲೆ ಆದಷ್ಟು ದೂರ ನಡೆಯಬೇಕು, ಮಾತ್ರೆ ನುಂಗಬೇಕು, ವಾರಕ್ಕೊಮ್ಮೆ ಎಡಗಾಲಿನ ತುದಿಯ ಮೇಲೆ ಹತ್ತು ಸಲ ಏಳಬೇಕು. ಹತ್ತು ಎಂಟಾದರೆ ಗಡುವಿಗೆ ಕಾಯದೆ ಆಸ್ಪತ್ರೆ. ನಾನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದೆ. ಡಿಸೆಂಬರಿನಲ್ಲಿ ನೋವು ಸ್ವಲ್ಪ ಇಳಿಯಿತು. ನಮಗೆಲ್ಲ ಆಸೆ ಹುಟ್ಟಿತು. ಆದರೆ ಅಲ್ಲಿಂದ ಕೆಳಗಿಳಿಯಲಿಲ್ಲ. ಎಳ್ಳು ಬೀರಿದ ಮಾರನೆಯ ದಿನ ಅಣ್ಣನೇ, "ಸಾಕು, ನಡಿಯೋ ಹೋಗೋಣ" ಎಂದ. ಅದೇ ತಿಂಗಳ ಕೊನೆಯ ವಾರ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಹೊರಬಿದ್ದಿದ್ದ ತುಂಡು ಕಡಲೆಬೇಳೆಗಿಂತ ತುಸು ದೊಡ್ಡದು. ವೈದ್ಯರು ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು. ತಾಯಿ ಅದನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎದ್ದು ನಡೆದ. ಕಾಲಿನ ಉರಿ ಹೋಗಿತ್ತು. ಕಿರುಬೆರಳಿನ ಜೋಮು ಇಂದಿಗೂ ಇದೆ. ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಪೂರ್ತಿ ಹೋಗದಿದ್ದರೂ ಇರಬಹುದು ಎಂದಿದ್ದಾರೆ. ಬಹಳ ಹೊತ್ತು ನಿಂತರೆ ಸೊಂಟ ಹಿಡಿದುಕೊಳ್ಳುತ್ತದೆ. ಜೂನಿನಿಂದ ಅವನು ಮಂಡಿಗೆ ಹೋಗುತ್ತಿದ್ದಾನೆ, ಆದರೆ ಹೊರುವುದಕ್ಕಲ್ಲ. ತುಂಬಿದ ಚೀಲದ ಬಾಯಿ ಹೊಲಿಯುವ ಕೆಲಸ. ಕೂಲಿ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅವನ ಜಾಗದಲ್ಲಿ ಈಗ ಹೊರುತ್ತಿರುವವನು ನಮ್ಮ ಕಾಲೇಜಿನಲ್ಲೇ ಒಂದು ವರ್ಷ ಓದಿ ಬಿಟ್ಟ ಹುಡುಗ. ಚೀಲವನ್ನು ನೆಲದಿಂದ ತಿರುಚಿ ಎಳೆಯಬೇಡ, ಇಬ್ಬರು ಹಿಡಿದು ಸೊಂಟದೆತ್ತರದ ಕಟ್ಟೆಗೆ ಏರಿಸಿ, ಅಲ್ಲಿಂದ ಬೆನ್ನಿಗೆ ತೆಗೆದುಕೋ ಎಂದು ಅಣ್ಣ ಅವನಿಗೆ ದಿನವೂ ಹೇಳುತ್ತಾನೆ. ಗಾಡಿಗಳು ಸಾಲುಗಟ್ಟಿ ನಿಂತ ದಿನ ಇಬ್ಬರು ಹಿಡಿಯುವಷ್ಟು ಪುರುಸೊತ್ತು ಮಂಡಿಯಲ್ಲಿ ಯಾರಿಗೂ ಇರುವುದಿಲ್ಲ.